‘ಮಿಸ್ಸಿಂಗ್ ಹೊಡೀತಿದೆ’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಗಾಡಿ ರಿಪೇರಿ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದಿಷ್ಟು ಪಾಠ ಬರೆಯುತ್ತಿದ್ದೇನೆ. ‘ಮಿಸ್‌ಫೈರ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಅಂದರೆ ಇಂಜಿನ್ನಿನ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೇ ಹೋಗುವುದು; ಗ್ಯಾರೇಜಿನವರ ‘ಮಿಸ್ಸಿಂಗ್’ ಇದೇ.

ಹಿಂದೊಮ್ಮೆ ಕುಮಟಾದಿಂದ ಶಿರಸಿಗೆ ಬರುವಾಗ, ದೇವಿಮನೆ ಘಟ್ಟದಲ್ಲಿ ನನ್ನ ಹಳೇ ಪೆಟ್ರೋಲ್ ಕಾರು ನಡುಗತೊಡಗಿತು. ಎಷ್ಟು ಒತ್ತಿದರೂ ಎಳೆಯುತ್ತಿಲ್ಲ, ಇಂಜಿನ್ ದೀಪ ಬೇರೆ ಮಿಣಮಿಣ. ಹೇಗೋ ಶಿರಸಿ ಮುಟ್ಟಿದೆ. ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು ಕೂತರು. ಪುಸ್, ಪುಸ್, ಪುಸ್, ಆಮೇಲೆ ಒಂದು ಖಾಲಿ. “ಮಿಸ್ಸಿಂಗ್ ಹೊಡೀತಿದೆ” ಅಂದರು. ಸ್ಕ್ಯಾನರ್ ಹಾಕಿದರೆ ಪಿ0303 ಅನ್ನುವ ದೋಷದ ಕೋಡ್, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಅದರ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಇಲ್ಲಿಗೆ ಹಾಕಿ ಮತ್ತೆ ಓಡಿಸಿದರು. ಈ ಸಲ ಪಿ0302. ಕಾಯಿಲ್ ಜೊತೆ ರೋಗವೂ ಹೋಗಿತ್ತು!

ಮೊದಲು ‘ಕಿಡಿತಪ್ಪು’ ಅಂತ ಬರೆದೆ. ಆದರೆ ಕಿಡಿ ಸರಿಯಾಗಿಯೇ ಬಿದ್ದು, ಇಂಧನ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡೋ ವಾಲ್ವ್ ಸೋರಿಯೋ ಹೀಗಾಗಬಹುದಲ್ವಾ? ಡೀಸೆಲ್ ಇಂಜಿನ್ನಿಗಂತೂ ಸ್ಪಾರ್ಕ್ ಪ್ಲಗ್ಗೇ ಇಲ್ಲ. ‘ಉರಿತಪ್ಪು’ ಅಂದರೆ ಅರ್ಥ ಸರಿಹೋಗುತ್ತದೆ, ಆದರೆ ಹುಡುಗರಿಗೆ ಉರಿಮೂತ್ರ ನೆನಪಾಗಿ ನಗು. ‘ದಹನವೈಫಲ್ಯ’ ಬೇಡವೇ ಬೇಡ.

ನನಗೆ ಮಜಾ ಅನಿಸಿದ್ದು ಆ ‘ಹೊಡೀತಿದೆ’. ಹೊಡೆಯಬೇಕಾದ್ದು ಹೊಡೆಯುತ್ತಿಲ್ಲ, ಅದನ್ನೇ ‘ಹೊಡೀತಿದೆ’ ಅನ್ನುತ್ತೇವೆ! ‘ಜರ್ಕ್ ಹೊಡೆ’, ‘ವಾಸನೆ ಹೊಡೆ’ ಇದ್ದ ಹಾಗೆ. ಕಾರಣ ಯಾವುದೇ ಇರಲಿ, ಕಿವಿಗೆ ಬೀಳುವುದು ಒಂದು ಪೆಟ್ಟಿನ ಕೊರತೆ. ಚಂಡೆಯಲ್ಲಿ ಒಂದು ಪೆಟ್ಟು ತಪ್ಪಿದರೆ ನಮ್ಮ ಕಡೆ ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ. ಹಾಗಾಗಿ ‘ಪೆಟ್ಟು ತಪ್ಪುತ್ತಿದೆ’ ಅಂದರೆ ಹೇಗೆ? ಒಂದೇ ಅಳುಕು, ‘ಕಾರಿಗೆ ಪೆಟ್ಟು’ ಅಂದರೆ ಎಲ್ಲೋ ಗುದ್ದಿಕೊಂಡು ಬಂದಿದೆ ಅಂದುಕೊಳ್ಳುತ್ತಾರೆ.

ಇನ್ನೊಂದು ಗೋಜಲು. ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹತ್ತಿಕೊಂಡು ‘ಢಬ್’ ಅನ್ನುವುದನ್ನೂ ಕೆಲವರು ಮಿಸ್ಸಿಂಗ್ ಅಂತಲೇ ಕರೆಯುತ್ತಾರೆ. ಅದು ಬ್ಯಾಕ್‌ಫೈರ್, ಅದಕ್ಕೆ ಬೇರೆ ಪದ ಬೇಕು.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ಹೀಗೆ ತಡವರಿಸಿದರೆ ಏನನ್ನುತ್ತಾರೆ? ತೋಟದ ಡೀಸೆಲ್ ಪಂಪಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಕೇಳಿದವರು ಇದ್ದ ಹಾಗೇ ಬರೆಯಿರಿ, ಕೊಂಕಣಿಯಾದರೂ ಸರಿ.