ಮ್ಯಾಂಗೋಸ್ಟೀನ್ ಗಿಡ ಮೇಲೇಳುತ್ತಿಲ್ಲ, ಕಿತ್ತು ಹಾಕಲಾ?

ಪ್ರಶ್ನೆ (ಹೊಸನಗರ ಕಡೆಯಿಂದ): ನಮಸ್ಕಾರ ಸರ್. ಅಡಿಕೆ ತೋಟದ ನಡುವೆ ಬೀಜದ ಮ್ಯಾಂಗೋಸ್ಟೀನ್ ಗಿಡ ಹಾಕಿದ್ದೇವೆ. ನಾಲ್ಕು ವರ್ಷವಾದರೂ ಸೊಂಟದೆತ್ತರ ದಾಟಿಲ್ಲ. ಮುರುಗಲಿನ (ಕೋಕಂ) ಹಾಗೆ ಕಾಯಿ ಬಿಡದ ಗಂಡು ಗಿಡ ಬಂದರೆ ಕಾದದ್ದೆಲ್ಲ ದಂಡ ಅನ್ನುತ್ತಾರೆ ಪಕ್ಕದವರು. ಕಿತ್ತುಬಿಡಲಾ?

ಉತ್ತರ: ದಯವಿಟ್ಟು ಕೀಳಬೇಡಿ. ಇದು ಮುರುಗಲು, ಉಪ್ಪಾಗೆಯ ಬಳಗದ್ದೇ ಮರ, ಆದರೆ ಗಂಡು ಗಿಡದ ಭಯ ಇಲ್ಲಿಲ್ಲ. ಪರಾಗಸ್ಪರ್ಶ ಇಲ್ಲದೆಯೇ ಕಾಯಿ ಕಟ್ಟುತ್ತದೆ, ಬೀಜದ ಗಿಡ ತಾಯಿಯ ಗುಣವನ್ನೇ ಹೊತ್ತು ಬರುತ್ತದೆ. ಬೆಳವಣಿಗೆ ಮಾತ್ರ ಬಹಳ ನಿಧಾನ. ಬೀಜದ ಗಿಡ ಫಸಲು ಕೊಡಲು 7ರಿಂದ 10 ವರ್ಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ.

ಇದರ ಬೇರು ಬಹಳ ನಾಜೂಕು, ಬುಡ ಅಗೆಯಬೇಡಿ. ದರಗು (ಒಣಗಿದ ಎಲೆ) ದಪ್ಪಗೆ ಹೊದಿಸಿ, ಕಾಂಡಕ್ಕೆ ತಾಗದಿರಲಿ. ಬೇಸಿಗೆಯಲ್ಲಿ ತೇವ ಆರಬಾರದು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ಕಾದಿಗೆ (ತೋಟದ ನೀರು ಬಸಿದು ಹೋಗುವ ಕಾಲುವೆ) ಸರಿಯಿದೆಯಾ ನೋಡಿ. ಎಳೆ ಗಿಡಕ್ಕೆ ಅಡಿಕೆಯ ನೆರಳು ಒಳ್ಳೆಯದೇ. ಆದರೆ ಇನ್ನು ಮುಂದೆ ಸ್ವಲ್ಪ ಸ್ವಲ್ಪವೇ ಬೆಳಕು ಬಿಡಿ, ದಟ್ಟ ನೆರಳಲ್ಲೇ ಉಳಿದರೆ ಹೂ ಬರುವುದು ಕಷ್ಟ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮ್ಮ ಮರ ಫಸಲಿಗೆ ಬಂದಿದೆ ಸರ್. ಕೆಲವು ಹಣ್ಣಿನ ಸಿಪ್ಪೆ ಕಲ್ಲಿನಂತೆ ಗಟ್ಟಿ, ಕೆಲವದರ ತೊಳೆಗೆ ಹಳದಿ ಅಂಟು ಮೆತ್ತಿ ಕಹಿ.

ಉತ್ತರ: ಸಿಪ್ಪೆ ಗಟ್ಟಿಯಾಗಲು ಮುಖ್ಯ ಕಾರಣ ಪೆಟ್ಟು. ಮರ ಅಲ್ಲಾಡಿಸಿ ಉದುರಿಸುತ್ತೀರಾ? ಗೇಣೆತ್ತರದಿಂದ ಬಿದ್ದರೂ ಪೆಟ್ಟಾದ ಜಾಗ ಬೇಗ ಗಡುಸಾಗುತ್ತದೆ. ದೋಟಿಯ ತುದಿಗೆ ಬಲೆ ಕಟ್ಟಿ, ತೊಟ್ಟಿನ ಸಮೇತ ಕೊಯ್ಯಿರಿ. ಬುಟ್ಟಿಗೂ ಎಸೆಯಬೇಡಿ, ಇಡಿ. ಹಸಿರು ಕಾಯಿಯ ಮೇಲೆ ಗುಲಾಬಿ ಚುಕ್ಕೆ ಕಂಡ ಮೇಲೆ ಕೊಯ್ದರೆ ಮನೆಯಲ್ಲೇ ಹಣ್ಣಾಗುತ್ತದೆ. ಸುಮಾರು ಒಂದು ವಾರದಲ್ಲಿ ಕಡು ನೇರಳೆ ಬಣ್ಣ ಬರುತ್ತದೆ. ಪೂರ್ತಿ ಹಸಿರು ಕಾಯಿ ಕೊಯ್ದರೆ ರುಚಿ ಬರುವುದಿಲ್ಲ.

ಹಳದಿ ಅಂಟು ಅಂದರೆ ಸಿಪ್ಪೆಯ ಸೊನೆ. ಒಣಗಿದ ಮಣ್ಣಿಗೆ ಒಮ್ಮೆಲೇ ಜೋರು ಮಳೆ ಬಿದ್ದರೆ ಕಾಯಿ ನೀರು ಹೀರಿ ಉಬ್ಬುತ್ತದೆ, ಒಳಗೆ ಸೊನೆಯ ನಾಳ ಒಡೆಯುತ್ತದೆ. ನಮ್ಮ ಕಡೆ ಹಣ್ಣಾಗುವ ಹೊತ್ತಿಗೇ ಮುಂಗಾರು ಹಿಡಿಯುತ್ತದೆ ಅಲ್ವಾ? ಅದನ್ನು ತಡೆಯಲಾಗದು. ಕಾಯಿ ಕಟ್ಟಿದಾಗಿನಿಂದ ನೀರು ತಪ್ಪಿಸದೆ ಕೊಟ್ಟರೆ ತೊಂದರೆ ಕಡಿಮೆಯಾಗುತ್ತದೆ. ಮಳೆ ಹಿಡಿಯುವ ಲಕ್ಷಣ ಕಂಡರೆ ಚುಕ್ಕೆ ಬಂದದ್ದನ್ನೆಲ್ಲ ಮೊದಲೇ ಇಳಿಸಿ.