ಅಪ್‌ಡೇಟ್: ಅಮ್ಮನ ಪಿತ್ತನಾಳದ ಕಲ್ಲು ತೆಗೆದರು

ಹೋದ ತಿಂಗಳು ಕೇಳಿದ್ದೆನಲ್ಲ, ಅಮ್ಮನ ಕಣ್ಣು ಹಳದಿಯಾಗಿದೆ, ಪಿತ್ತನಾಳದಲ್ಲಿ ಕಲ್ಲಿದೆ, ಇಆರ್‌ಸಿಪಿ (ಬಾಯಿಂದ ಕೊಳವೆ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ವಿಧಾನ) ಮಾಡಿಸಬೇಕಂತೆ, ಭಯವಾಗುತ್ತಿದೆ ಅಂತ. ಮಾಡಿಸಿದೆವು. ಅಮ್ಮ ಈಗ ಮಂಡ್ಯದ ಮನೆಗೆ ಬಂದಿದ್ದಾರೆ, ಚೆನ್ನಾಗಿದ್ದಾರೆ.

ಮೈಸೂರಿನಲ್ಲೇ ಆಯಿತು. ಮೊದಲು ಎಂಆರ್‌ಸಿಪಿ ಸ್ಕ್ಯಾನ್ (ಪಿತ್ತನಾಳದ ಎಂಆರ್‌ಐ) ಮಾಡಿ ಕಲ್ಲು ಎಲ್ಲಿದೆ ಅಂತ ನೋಡಿಕೊಂಡರು. ಹೊಟ್ಟೆ ಕೊಯ್ಯುವುದೇ ಇಲ್ಲ. ಬಾಯಿಂದ ಕೊಳವೆ ಇಳಿಸಿ, ಸಣ್ಣ ಕರುಳಿನ ಶುರುವಿನಲ್ಲಿ ಪಿತ್ತನಾಳ ಬಂದು ಸೇರುವ ಜಾಗ ಹುಡುಕಿ, ಎಕ್ಸ್‌ರೇಯಲ್ಲಿ ನೋಡುತ್ತಲೇ ಆ ನಾಳದ ಬಾಯನ್ನು ಸ್ವಲ್ಪ ಕೊಯ್ದು ಅಗಲ ಮಾಡಿ, ಪುಟ್ಟ ಬಲೂನಿನಿಂದ ಕಲ್ಲನ್ನು ಕರುಳಿಗೆ ಎಳೆದುಬಿಟ್ಟರು. ಪಿತ್ತ ಸರಾಗವಾಗಿ ಹರಿಯಲಿ ಅಂತ ನಾಳದೊಳಗೆ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಪುಟ್ಟ ಕೊಳವೆ, ಒಂದು ಹಾಕಿದ್ದಾರೆ.

ಆದರೆ ಅವತ್ತು ರಾತ್ರಿ ಕಷ್ಟವಾಯಿತು. ಹೊಟ್ಟೆನೋವು ಬೆನ್ನಿಗೂ ಹರಡಿತು, ವಾಂತಿ ಬೇರೆ. ರಕ್ತಪರೀಕ್ಷೆಯಲ್ಲಿ ಲೈಪೇಸ್ ಜಾಸ್ತಿ ಬಂತು, ಅಂದರೆ ಮೇದೋಜ್ಜೀರಕ ಗ್ರಂಥಿ ಊದಿಕೊಂಡಿತ್ತು. ಇದು ಆಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು, ಪಿತ್ತನಾಳ, ಮೇದೋಜ್ಜೀರಕದ ನಾಳ ಎರಡರ ಬಾಯಿಯೂ ಒಂದೇ ಕಡೆ ಇರುವುದರಿಂದ. ಡ್ರಿಪ್, ನೋವಿನ ಇಂಜೆಕ್ಷನ್ ಕೊಟ್ಟರು. ಮೂರು ದಿನದಲ್ಲಿ ಇಳಿಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾಡಿಸಿದರೆ, ಆಮೇಲೆ ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ, ತಕ್ಷಣ ಡಾಕ್ಟರಿಗೆ ಹೇಳಿ.

ಊರಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡಿಸಿ ಅಂದವರೇ ಜಾಸ್ತಿ. ಕಲ್ಲು ಅಡ್ಡ ಕೂತು ಬಂದ ಕಾಮಾಲೆ ಅದು, ಸೊಪ್ಪಿನ ರಸ ಕುಡಿದರೆ ಕಲ್ಲು ಸರಿಯುತ್ತದಾ? ಹಾಗೇ ಬಿಟ್ಟಿದ್ದರೆ ನಾಳದಲ್ಲಿ ಸೋಂಕಾಗಿ ಜೀವಕ್ಕೇ ಕುತ್ತು ಬರಬಹುದಿತ್ತು.

ಸ್ಟೆಂಟ್ ತೆಗೆಸುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಚಳಿಜ್ವರ ಬರುತ್ತದಂತೆ. ಪಿತ್ತಕೋಶದಲ್ಲೂ ಕಲ್ಲುಗಳಿವೆ, ಪಿತ್ತಕೋಶವನ್ನೇ ತೆಗೆಸುವ ಆಪರೇಷನ್ ಇನ್ನೂ ಬಾಕಿ ಇದೆ.