ಹೈ ಓಲಿಕ್ ಶೇಂಗಾ: ಎಣ್ಣೆ ರಿಪೋರ್ಟ್ ಪಾಸಾಗೇತಿ, ಬೀಜ ಶುದ್ಧ ಅಂತ ನಂಬಬೇಕೇನ್ರಿ?

ಮಸಾರಿ ಹೊಲ, ಮುಂಡರಗಿ:

ನಮಸ್ಕಾರ್ರಿ. ಗದಗ ಜಿಲ್ಲೆಯ ಒಂದು ರೈತ ಉತ್ಪಾದಕರ ಕಂಪನಿ ಪರವಾಗಿ ಕೇಳಾಕತ್ತೇನಿ. ಗಿರನಾರ್ 4 ಅನ್ನೋ ಹೈ ಓಲಿಕ್ (ಬೇಗ ಕಮಟದ ಎಣ್ಣಿಯ) ಶೇಂಗಾ ಬೀಜ ಮಾಡಿ ಮುಂದಿನ ಮುಂಗಾರಿಗೆ ಸದಸ್ಯರಿಗೆ ಹಂಚೋ ವಿಚಾರ ಐತಿ. ಕೈಯಾಗಿರೋ ಲಾಟಿಂದ ಅರ್ಧ ಕಿಲೋ ಕಾಳು ಲ್ಯಾಬಿಗೆ ಕೊಟ್ಟು ಎಣ್ಣಿ ತೆಗೆಸಿದ್ರ ಅದರ ಕೊಬ್ಬಿನ ಆಮ್ಲದಾಗ ಓಲಿಕ್ ಶೇ 76.5, ಲಿನೋಲಿಕ್ ಶೇ 6.9 ಬಂದೈತಿ. ಅಂದ್ರ ಅನುಪಾತ 11. 9ರ ಮ್ಯಾಲಿದ್ರ ಹೈ ಓಲಿಕ್ ಅಂತ ಎಣ್ಣಿ ಗಿರಣಿಯವರು ಒಪ್ಪ್ಯಾರ. ಆದ್ರ ಚಿಕ್ಕಿ ಮಾಡೋರು ಕಾಳು ಕಾಳಿಗೂ ಗ್ಯಾರಂಟಿ ಕೇಳಾಕತ್ತಾರ.

ಈ ರಿಪೋರ್ಟ್ ಬೀಜಕ್ಕೂ ಸಾಕಾಗತೈತೇನು? ಡಿಎನ್‌ಎ ಟೆಸ್ಟ್ ಮಾಡಸಬೇಕಂದ್ರ ಏನು ಕಳಸಬೇಕು, ಹೆಂಗ ಕಳಸಬೇಕು? ಇಬ್ಬರು ಸದಸ್ಯರು "ಇದು ಜೀನ್ ಎಡಿಟ್ ಮಾಡಿದ್ದು, ನಮಗ ಬ್ಯಾಡ" ಅಂತಾರ, ಅವರಿಗೆ ಏನು ಹೇಳೋಣ? ಇನ್ನೊಂದು, ಜಿಪಿಬಿಡಿ 4 ಅನ್ನೋ ಶೇಂಗಾ ತಳಿಯ ತುಕ್ಕು ರೋಗ ತಡಿಯೋ ಗುಣಾನ ಇದರಾಗ ಸೇರಸಾಕ ಬರತೈತೇನು?

ಕಾಳು ಎಣಿಸುವವ, ಧಾರವಾಡ:

ಸಾಕಾಗಲ್ರೀ. ನಿಮ್ಮ ಅಂಕಿಯನ್ನೇ ಬಿಡಿಸಿ ನೋಡೋಣ. ಶುದ್ಧ ಹೈ ಓಲಿಕ್ ಕಾಳಿನಲ್ಲಿ ಓಲಿಕ್ ಶೇ 80, ಲಿನೋಲಿಕ್ ಶೇ 4 ಅಂತ ಹಿಡೀರಿ. ಸಾದಾ ಕಾಳಿನಲ್ಲಿ 45 ಮತ್ತು 33. ನೂರರಲ್ಲಿ ಹತ್ತು ಸಾದಾ ಕಾಳು ಕೂಡಿಸಿ ಎಣ್ಣೆ ತೆಗೆದರೆ ಓಲಿಕ್ 72 ಕೂಡಿಸು 4.5, ಅಂದರೆ 76.5. ಲಿನೋಲಿಕ್ 3.6 ಕೂಡಿಸು 3.3, ಅಂದರೆ 6.9. ನಿಮ್ಮ ರಿಪೋರ್ಟೇ ಬಂತು ನೋಡಿ. ಶೇ 10 ಬೆರಕೆ ಇದ್ದರೂ ಸರಾಸರಿ 11ಕ್ಕೆ ನಿಲ್ಲುತ್ತದೆ, 9ರ ಗೆರೆ ದಾಟಿಯೇ ಇರುತ್ತದೆ. ಇಡೀ ಲಾಟು ಬಲಿಯದ ಕಾಳಿನಿಂದ ಕೂಡಿದ್ದರೂ ಇಂಥದೇ ಅಂಕಿ ಬರಬಹುದು, ಏಕೆಂದರೆ ಎಳೆ ಕಾಳಿನಲ್ಲಿ ಓಲಿಕ್ ಕಡಿಮೆ. ಎರಡರಲ್ಲಿ ಯಾವುದು ಅಂತ ಕೂಡಿಸಿ ತೆಗೆದ ಎಣ್ಣೆ ಹೇಳುವುದಿಲ್ಲ. ಗಿರಣಿಗೆ ಆ ರಿಪೋರ್ಟ್ ಸಾಕು, ಬೀಜಕ್ಕೆ ಸಾಲದು. ಚಿಕ್ಕಿಯವರ ಮಾತು ಸರಿ: ಸಾದಾ ಕಾಳು ಬೇಗ ಕಮಟುತ್ತದೆ, ಪೊಟ್ಟಣದಲ್ಲಿ ಅಂಥ ನಾಲ್ಕು ಕಾಳಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ.

ಇಲ್ಲಿ ಕೆಲಸ ಮಾಡುವುದು ಎಫ್‌ಎಡಿ2 ಎಂಬ ಜೀನು. ಓಲಿಕ್‌ಗೆ ಎರಡನೇ ಜೋಡಿಬಂಧ ಹಾಕಿ ಲಿನೋಲಿಕ್ ಮಾಡುವ ಕಿಣ್ವ ಇದರಿಂದ ಬರುತ್ತದೆ. ಶೇಂಗಾ ಎರಡು ಕಾಡು ಜಾತಿಗಳು ಕೂಡಿ ಆದ ಬೆಳೆ, 40 ಕ್ರೋಮೋಸೋಮು. ಹೀಗಾಗಿ ಈ ಜೀನು ಎರಡು ಕಡೆ ಇದೆ: ಎ09 ಕ್ರೋಮೋಸೋಮಿನ ಮೇಲೊಂದು, ಬಿ09ರ ಮೇಲೊಂದು. ಎರಡೂ ಕೆಟ್ಟು, ಕೆಟ್ಟ ಪ್ರತಿ ತಾಯಿಯಿಂದಲೂ ತಂದೆಯಿಂದಲೂ ಬಂದು ಎರಡೂ ಜೋಡಿಯಾಗಿ ಕೂತಾಗ ಮಾತ್ರ ಓಲಿಕ್ 80ರ ಹತ್ತಿರ ಹೋಗುತ್ತದೆ. ಒಂದೇ ಕೆಟ್ಟಿದ್ದರೆ ನಡುವೆ ಎಲ್ಲೋ ನಿಲ್ಲುತ್ತದೆ.

ಕಾಳಿನ ಬೇಳೆ ಅನ್ನುವುದೇ ಭ್ರೂಣದ ಭಾಗ. ಆದ್ದರಿಂದ ಪರಾಗ ಹೊರಗಿನಿಂದ ಬಂದಿದ್ದರೆ ಅದೇ ಕಾಳಿನ ಎಣ್ಣೆಯಲ್ಲಿ ಗೊತ್ತಾಗುತ್ತದೆ, ಮುಂದಿನ ಪೀಳಿಗೆವರೆಗೆ ಕಾಯಬೇಕಿಲ್ಲ. ಬಲಿತ ಕಾಳುಗಳನ್ನು ಒಂದೊಂದಾಗಿ ಟೆಸ್ಟ್ ಮಾಡಿಸಿದಾಗ ತಪ್ಪಿದ ಕಾಳೆಲ್ಲ 45ರ ಆಸುಪಾಸಿನಲ್ಲೇ ಇದ್ದರೆ ಅದು ಯಂತ್ರದಲ್ಲೋ ಚೀಲದಲ್ಲೋ ಆದ ಬೆರಕೆ. 55, 60, 65 ಅಂತ ನಡುವಿನ ಅಂಕಿ ಬಂದರೆ ಬೀಜದ ಮೂಲದಲ್ಲೇ ಒಡಕು ಅಥವಾ ಜೇನ್ನೊಣದ ಕೆಲಸ. ಮೊದಲನೆಯದಕ್ಕೆ ಕಣ ಬಳಿಯಬೇಕು, ಎರಡನೆಯದಕ್ಕೆ ಬೀಜವನ್ನೇ ಬದಲಿಸಬೇಕು.

ಎಷ್ಟು ಕಾಳು ಟೆಸ್ಟ್ ಮಾಡಿಸಬೇಕು ಅಂದರೆ, 100 ನೋಡಿ ಒಂದೂ ತಪ್ಪದಿದ್ದರೆ ಬೆರಕೆ ಶೇ 3ಕ್ಕಿಂತ ಕಡಿಮೆ ಅಂತ ಶೇ 95ರ ಭರವಸೆಯಲ್ಲಿ ಹೇಳಬಹುದು. ಶೇ 1ರ ಒಳಗಿದೆ ಅನ್ನಬೇಕಾದರೆ 300 ಕಾಳು ಬೇಕು. ಒಂದೇ ಚೀಲದ ಬಾಯಿಂದ ತೆಗೀಬೇಡಿ. ಎಲ್ಲ ಚೀಲಕ್ಕೂ ಮೇಲೆ, ನಡುವೆ, ತಳದಲ್ಲಿ ಕೈ ಹಾಕಿ ತೆಗೆದು ಕೂಡಿಸಿರಿ.

ಪಿಪೆಟ್ಟು, ಹುಬ್ಬಳ್ಳಿ:

ಡಿಎನ್‌ಎ ಭಾಗ ನಾ ಹೇಳ್ತೀನಿ. ಒಣ ಕಾಳಿಗಿಂತ ಎಲೆ ವಾಸಿ. ಕಾಳಿನ ಅರ್ಧಭಾಗ ಎಣ್ಣೆ, ಡಿಎನ್‌ಎ ತೆಗೆಯುವಾಗ ಅದೇ ಕಾಟ ಕೊಡುತ್ತದೆ. ಟ್ರೇನಲ್ಲಿ ಮೊಳಕೆ ಹಾಕಿ, 10ರಿಂದ 15 ದಿನದ ಸಸಿಯ ತುದಿಯಲ್ಲಿ ಇನ್ನೂ ಪೂರ್ತಿ ಬಿಚ್ಚದ ಎಲೆ ಕೀಳಿರಿ. 100 ಮಿಲಿಗ್ರಾಂ ಸಾಕು. ಬಲಿತ ಎಲೆ ಬೇಡ, ಅದರಲ್ಲಿ ಫೀನಾಲು, ಲೋಳೆ ಎರಡೂ ಜಾಸ್ತಿ.

ಕಳಿಸುವಾಗ ಎಲ್ಲರೂ ಮಾಡುವ ಎಡವಟ್ಟು ಅಂದರೆ ಹಸಿ ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಸ್ಸಿಗೆ ಕೊಡೋದು. ಲ್ಯಾಬ್ ಮುಟ್ಟುವಷ್ಟರಲ್ಲಿ ಕರ್ರಗಾಗಿರುತ್ತದೆ. ಸಣ್ಣ ಕಾಗದದ ಲಕೋಟೆಯಲ್ಲಿ ಎಲೆ ಹಾಕಿ, ಎಲೆ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ. ಮರುದಿನ ಮುರಿದರೆ ಚಟ್ ಅನ್ನಬೇಕು. ಬಗ್ಗಿದರೆ ಜೆಲ್ ಬದಲಿಸಿ. ಲಕೋಟೆ ಮೇಲೆ ಪೆನ್ಸಿಲ್‌ನಿಂದಲೇ ನಂಬರ್ ಬರೀರಿ. ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿ ಹೋಗುತ್ತದೆ.

ಲ್ಯಾಬಿನವರು ಸಿಟ್ಯಾಬ್ ಎಂಬ ಸೋಪಿನಂಥ ರಾಸಾಯನಿಕದ ವಿಧಾನದಲ್ಲಿ ಡಿಎನ್‌ಎ ತೆಗೀತಾರೆ: ಶೇ 2 ಸಿಟ್ಯಾಬ್, 1.4 ಮೋಲಾರ್ ಉಪ್ಪು, 65 ಡಿಗ್ರಿ ಬಿಸಿನೀರಿನಲ್ಲಿ ಅರ್ಧದಿಂದ ಒಂದು ತಾಸು, ಆಮೇಲೆ 24ಕ್ಕೆ 1ರಂತೆ ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲ್. ಶೇಂಗಾಕ್ಕೆ ಫೀನಾಲು ಹಿಡಿದಿಡುವ ಪಿವಿಪಿ ಪುಡಿ ಶೇ 1ರಿಂದ 2 ಹಾಕಲೇಬೇಕು. ಬಿಟ್ಟರೆ ಡಿಎನ್‌ಎ ಕಂದು ಬಣ್ಣಕ್ಕೆ ತಿರುಗಿ ಪಿಸಿಆರ್ (ಡಿಎನ್‌ಎ ಪ್ರತಿ ಮಾಡುವ ಕೆಲಸ) ನಿಂತುಹೋಗುತ್ತದೆ. ಡಿಎನ್‌ಎ ಶುದ್ಧತೆ ಹೇಳುವ 260/280 ಬೆಳಕಿನ ಅನುಪಾತ 1.8 ಬಂತು ಅಂತ ಸಮಾಧಾನ ಪಡಬೇಡಿ, 260/230 ಕೂಡ ನೋಡಿ. ಅದು ಬಹಳ ಕೆಳಗಿದ್ದರೆ ಲೋಳೆ ಉಳಿದಿದೆ ಅಂತ. ಅಂಥ ಮಾದರಿಯನ್ನು ಹತ್ತು ಪಟ್ಟು ತೆಳು ಮಾಡಿದರೆ ಎಷ್ಟೋ ಸಲ ತಾನೇ ಓಡುತ್ತದೆ.

ಇನ್ನು ಮಾರ್ಕರ್, ಅಂದರೆ ಜೀನಿನ ಬದಲಾವಣೆ ಹಿಡಿಯುವ ಡಿಎನ್‌ಎ ಗುರುತು. ಎ ಜೀನಿನಲ್ಲಿ (ಎಫ್‌ಎಡಿ2ರ ಎ09 ಪ್ರತಿ) 448ನೇ ಡಿಎನ್‌ಎ ಅಕ್ಷರ ಜಿ ಹೋಗಿ ಎ ಆಗಿದೆ. ಬಿ ಜೀನಿನಲ್ಲಿ 441, 442ರ ನಡುವೆ ಒಂದು ಎ ಹೊಸದಾಗಿ ಸೇರಿ ಓದು ತಪ್ಪಿದೆ, ಪ್ರೋಟೀನು ಅರ್ಧಕ್ಕೇ ನಿಲ್ಲುತ್ತದೆ. ತೊಂದರೆ ಏನಂದರೆ ಈ ಎರಡು ಜೀನುಗಳು ಶೇ 99ರಷ್ಟು ಒಂದೇ ಥರ. ಪ್ರೈಮರ್ (ಜೀನು ಹುಡುಕಿ ಅಂಟುವ ಡಿಎನ್‌ಎ ಚೂರು) ಸರಿಯಾಗಿ ಕೂರದಿದ್ದರೆ ಎ ಅಂತ ಓದಿದ್ದು ಬಿ ಆಗಿರುತ್ತದೆ. ಹಳೆಯ ಅಲೀಲ್ (ಜೀನಿನ ರೂಪ) ಆಧಾರಿತ ಪಿಸಿಆರ್‌ನಲ್ಲಿ ಎ ಬದಲಾವಣೆಗೆ 203, ಬಿ ಬದಲಾವಣೆಗೆ 195, ಕಂಟ್ರೋಲಿಗೆ 250 ಬೇಸ್‌ಪೇರ್ (ಡಿಎನ್‌ಎ ಉದ್ದದ ಅಳತೆ) ಪಟ್ಟಿ ಬರುತ್ತದೆ. 203 ಮತ್ತು 195 ತೀರ ಹತ್ತಿರ, ಆದ್ದರಿಂದ ಎರಡನ್ನೂ ಬೇರೆ ಬೇರೆ ಟ್ಯೂಬಿನಲ್ಲಿ ಓಡಿಸಬೇಕು. ಅದಕ್ಕಿಂತ ದೊಡ್ಡ ಕೊರತೆ, ಆ ವಿಧಾನ ಬದಲಾದ ಅಲೀಲ್ ಇದೆ ಅಂತಷ್ಟೇ ಹೇಳುತ್ತದೆ, ಒಂಟಿಯೋ ಜೋಡಿಯೋ ಹೇಳುವುದಿಲ್ಲ. ಬೀಜದ ಶುದ್ಧತೆಗೆ ಆ ಉತ್ತರ ಉಪಯೋಗಕ್ಕಿಲ್ಲ. ಕ್ಯಾಸ್ಪ್ ಎಂಬ ಟೆಸ್ಟ್ ಮಾಡಿಸಿ. ಎರಡು ಬಣ್ಣದ ಬೆಳಕಿನಲ್ಲಿ ಸಾದಾ, ಒಂಟಿ, ಜೋಡಿ ಅಂತ ಮೂರು ಗುಂಪು ಬೇರೆ ಬೇರೆ ಕಾಣುತ್ತದೆ. ಪ್ರತಿ ಪ್ಲೇಟಿನಲ್ಲೂ ಟಿಎಂವಿ 2 ಅಥವಾ ಜೆಎಲ್ 24 ಎಂಬ ಸಾದಾ ತಳಿಯ ಡಿಎನ್‌ಎ, ಖಾತ್ರಿಯಾದ ಹೈ ಓಲಿಕ್ ಡಿಎನ್‌ಎ, ಎರಡನ್ನೂ ಸಮಸಮ ಬೆರೆಸಿದ್ದು, ಬರೀ ನೀರು, ಈ ನಾಲ್ಕು ಬಾವಿ (ಪ್ಲೇಟಿನ ಗುಳಿ) ಇಟ್ಟಿದ್ದಾರಾ ಅಂತ ಕೇಳಿರಿ. ಇಲ್ಲದಿದ್ದರೆ ರಿಪೋರ್ಟ್ ತಗೋಬೇಡಿ.

ಮಸಾರಿ ಹೊಲ, ಮುಂಡರಗಿ:

ಶೇ 10 ಬೆರಕಿ ಅಂತ ಖಾತ್ರಿಯಾದ್ರ ಲಾಟು ಎಣ್ಣಿಗೇ ಹೋಗಬೇಕೇನು? ಕಾಳು ಉಳಿಸಿಕೊಂಡು ಟೆಸ್ಟ್ ಮಾಡಿ ಒಳ್ಳೇವಷ್ಟ ಆರಿಸಿ ಬಿತ್ತಾಕ ಬರಂಗಿಲ್ಲೇನ್ರಿ?

ಕಾಳು ಎಣಿಸುವವ, ಧಾರವಾಡ:

ಬರುತ್ತದೆ. ಕಾಳಿಗೆ ಒಂದು ಕಡೆ ಮೂತಿ ಇರುತ್ತದಲ್ಲ, ಮೊಳಕೆ ಅಲ್ಲೇ. ಅದರ ಎದುರು ತುದಿಯಿಂದ ಬ್ಲೇಡಿನಲ್ಲಿ 20ರಿಂದ 30 ಮಿಲಿಗ್ರಾಂ ಚೂರು ಕೊಯ್ಯಿರಿ. ಒಂದು ಕಾಳಾದ ಮೇಲೆ ಬ್ಲೇಡ್ ಒರೆಸಿ. ಚೂರನ್ನು ಹೆಕ್ಸೇನಿನಲ್ಲಿ ಜಜ್ಜಿ ಎಣ್ಣೆ ಇಳಿಸಿ, ಸೋಡಿಯಂ ಮೆಥಾಕ್ಸೈಡ್ ಹಾಕಿ ಮೀಥೈಲ್ ಎಸ್ಟರ್ ಮಾಡಿ, ಕೊಬ್ಬಿನ ಆಮ್ಲ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಕೊಡುವುದು. ನೀರಿನ ಪಸೆ ಇದ್ದರೆ ಅಲ್ಲೇ ಸೋಪಾಗಿ ಹೋಗುತ್ತದೆ, ಟ್ಯೂಬು ಖಡಕ್ ಒಣಗಿರಬೇಕು. ಎನ್‌ಐಆರ್ (ಅವಗೆಂಪು ಬೆಳಕಿನ) ಯಂತ್ರದಲ್ಲಿ ಕಾಳು ಕೊಯ್ಯದೇ ನೋಡಬಹುದು, ಬೇಗವೂ ಆಗುತ್ತದೆ. ಆದರೆ ಯಂತ್ರವನ್ನು ಒಂಟಿ ಕಾಳಿಗೆ ಅಂತಲೇ ಹೊಂದಿಸಿರಬೇಕು. ಹಿಟ್ಟಿಗೆ ಹೊಂದಿಸಿದ ಯಂತ್ರ ಕಾಳಿನ ಮೇಲೆ ಏನೇನೋ ಹೇಳುತ್ತದೆ.

ಕೊಯ್ದ ಕಾಳಿಗೆ ಥೈರಾಮ್ ಎಂಬ ಬೂಷ್ಟುನಾಶಕ ಲೇಪಿಸದೆ ಬಿತ್ತಿದರೆ ಗಾಯದಿಂದ ಕಪ್ಪು ಬೂಷ್ಟು ಹೊಕ್ಕು ಕೊಳೆಯುತ್ತದೆ.

ಲೆಕ್ಕ ಹೀಗೆ: ಪಾಸಾದ 200 ಕಾಳು, ಗಿಡಕ್ಕೆ 15 ಕಾಯಿ, ಕಾಯಿಗೆ ಎರಡು ಕಾಳು ಅಂದರೆ 6,000 ಕಾಳು. ಅದನ್ನು ಬಿತ್ತಿದರೆ ಮುಂದಿನ ಹಂಗಾಮಿಗೆ ಒಂದೂಮುಕ್ಕಾಲು ಲಕ್ಷದ ಹತ್ತಿರ. 30 ಸೆಂಟಿಮೀಟರ್ ಸಾಲು, 10 ಸೆಂಟಿಮೀಟರ್ ಅಂತರದಲ್ಲಿ ಎಕರೆಗೆ ಬೇಕಾಗುವುದು 1.35 ಲಕ್ಷ. ಹುಟ್ಟದವು, ಸತ್ತವು ಕಳೆದರೂ ಒಂದೆಕರೆ ಬೀಜಕ್ಕೆ ಎರಡು ಹಂಗಾಮು ಹಿಡಿಯಿತು. ಹೊಸ ಬ್ರೀಡರ್ ಬೀಜ (ತಳಿ ಮಾಡಿದವರಿಂದಲೇ ಬರುವ ಮೂಲ ಬೀಜ) ಸಿಗುವ ಹಾಗಿದ್ದರೆ ಅದೇ ಸಸ್ತಾ ಅಂತ ನನ್ನ ಅಭಿಪ್ರಾಯ.

ಬೀಜದ ಪ್ಲಾಟು, ರಾಣೆಬೆನ್ನೂರು:

ಲ್ಯಾಬಿನವರು ಮರೆಯೋ ಮಾತು ಒಂದೈತಿ. ಪ್ರಮಾಣಿತ ಬೀಜಕ್ಕ ಬೇರೆ ಶೇಂಗಾದಿಂದ 3 ಮೀಟರ್ ದೂರ ಸಾಕು, ಯಾಕಂದ್ರ ಶೇಂಗಾ ಹೂವು ಬಹುಪಾಲು ತನಗ ತಾನ ಕಟ್ಟತೈತಿ. ಬೆರಕಿ ಆಗೋದು ಹೂವಿನಾಗ ಕಡಿಮಿ, ಮಣ್ಣಿನಾಗ ಜಾಸ್ತಿ. ಹೋದ ವರ್ಷ ಕೀಳುವಾಗ ಮಣ್ಣಾಗ ಉಳಿದ ಕಾಯಿ ಮೊದಲ ಮಳಿಗೇ ಹುಟ್ಟತಾವ. ನಿಮ್ಮ ಸಾಲಿನಾಗ ಬಂದ್ರ ಕಣ್ಣಿಗೆ ಗುರುತೇ ಸಿಗಂಗಿಲ್ಲ, ಎಲಿ ನೋಡಿ ಓಲಿಕ್ ಹೇಳಾಕ ಬರೂದಿಲ್ಲ. ಹಿಂದಿನ ಹಂಗಾಮಿಗೆ ಶೇಂಗಾ ಇರದ ಹೊಲಾನ ಹಿಡೀರಿ. ಅದು ಆಗದಿದ್ರ ಒಂದು ಹದ ಮಳಿ ಬೀಳಲಿ, ಹುಟ್ಟಿದ್ದನ್ನ ಕುಂಟಿ ಹೊಡೆದು ಆಮ್ಯಾಲ ಬಿತ್ತರಿ. ಬಿತ್ತಿದ ಮ್ಯಾಲೆ ಸಾಲಿನ ನಡುವ ಹುಟ್ಟಿದ್ದೆಲ್ಲ ಕಿತ್ತು ಒಗೀರಿ.

ಒಕ್ಕೋ ಮಷಿನ್ ಮತ್ತೊಂದು. ಜರಡಿ ಹಿಂದ, ಫ್ಯಾನಿನ ಬುಡದಾಗ ಕಾಯಿ ಸಿಕ್ಕೊಂಡಿರತಾವ. ಜರಡಿ ಬಿಚ್ಚಿ ಜಾಡಸರಿ, ಮೊದಲಿನ ಎರಡು ಬುಟ್ಟಿ ಎಣ್ಣಿಗೆ ಬಿಡ್ರಿ. ಬೀಜಾನ ಕಾಯಿ ಇದ್ದಂಗೇ ತೇವಾಂಶ ಶೇ 9ಕ್ಕ ಇಳಿಸಿ ಇಡಬೇಕು, ಬಿತ್ತೋ ಮುಂದ ಕೈಲೆ ಸುಲೀಬೇಕು.

ಪಿಪೆಟ್ಟು, ಹುಬ್ಬಳ್ಳಿ:

ಎಡಿಟಿಂಗ್ ಪ್ರಶ್ನೆ ಹಾಗೇ ಉಳಿಯಿತು. ಆ ಸದಸ್ಯರಿಗೆ ಹೇಳಿ: ಗಿರನಾರ್ 4, 5 ಎಡಿಟ್ ಮಾಡಿದ್ದೂ ಅಲ್ಲ, ಕುಲಾಂತರಿಯೂ ಅಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1987ರಲ್ಲಿ ವರದಿಯಾದ, ತಾನಾಗಿ ಬದಲಾದ ಒಂದು ಶೇಂಗಾ ವಂಶದ ಸಾಲಿನಿಂದ ಈ ಗುಣ ಬಂತು. ಅದರಿಂದ ಸನ್‌ಓಲಿಕ್ 95ಆರ್ ಎಂಬ ತಳಿ ಆಯಿತು, ಅದನ್ನು ನಮ್ಮ ಸಾಲುಗಳೊಂದಿಗೆ ಹೂವಿಗೆ ಹೂವು ಕೂಡಿಸಿ, ಮಾರ್ಕರ್ ನೋಡಿ ಆರಿಸಿದ್ದು ಇವು. ಮಾರ್ಕರ್ ಅಂದರೆ ಓದುವ ಕೆಲಸವಷ್ಟೇ, ಏನನ್ನೂ ತಿದ್ದುವುದಿಲ್ಲ. ಎಫ್‌ಎಡಿ2 ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸಿದ ಶೇಂಗಾ ಪ್ರಯೋಗಗಳು ಹೊರದೇಶದ ಲ್ಯಾಬುಗಳಲ್ಲಿ ಆಗಿವೆ, ಅದು ಬೇರೆ ಮಾತು. ನಮ್ಮ ದೇಶದಲ್ಲಿ 2025ರ ಮೇ 4ರಂದು ಘೋಷಣೆಯಾದ ಮೊದಲ ಎರಡು ಎಡಿಟೆಡ್ ತಳಿಗಳು ಭತ್ತದವು: ಸಾಂಬಾ ಮಸೂರಿಯಿಂದ ಡಿಆರ್‌ಆರ್ ಧಾನ್ 100, ಎಂಟಿಯು 1010ರಿಂದ ಪೂಸಾ ಡಿಎಸ್‌ಟಿ ರೈಸ್ 1. ಇವೆರಡರಲ್ಲೂ ಹೊರಗಿನ ಜೀನು ಇಲ್ಲ. 2022ರ ಮಾರ್ಚಿನಲ್ಲಿ ಅಂಥ ಎಡಿಟಿಂಗ್‌ಗೆ ಕುಲಾಂತರಿ ನಿಯಮಗಳ ಕೆಲವು ಭಾಗದಿಂದ ವಿನಾಯಿತಿ ಸಿಕ್ಕಿತು. ಬಿಟಿ ಹತ್ತಿಯಲ್ಲಿರುವುದು ಬ್ಯಾಕ್ಟೀರಿಯಾದ ಜೀನು, ಆದ್ದರಿಂದ ಅದು ಕುಲಾಂತರಿ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುವುದರಿಂದಲೇ ಅರ್ಧ ಜಗಳ.

ಕಾಳು ಎಣಿಸುವವ, ಧಾರವಾಡ:

ತುಕ್ಕಿನ ಬಗ್ಗೆ. ಓಲಿಕ್ ಗುಣಕ್ಕೂ ರೋಗಕ್ಕೂ ಸಂಬಂಧವಿಲ್ಲ, ಕ್ರೋಮೋಸೋಮೇ ಬೇರೆ. ಜಿಪಿಬಿಡಿ 4 ನಮ್ಮ ಧಾರವಾಡ ಕೃಷಿ ವಿವಿಯದು. ಅದರ ರೋಗ ತಡೆಯುವ ಶಕ್ತಿ ಕಾರ್ಡೆನಾಸಿ ಎಂಬ ಕಾಡು ಶೇಂಗಾದಿಂದ ಬಂದದ್ದು. ತುಕ್ಕು ತಡೆಯುವ ಗುಣದ ದೊಡ್ಡ ಜಾಗ ಎ03 ಕ್ರೋಮೋಸೋಮಿನ ಮೇಲಿದೆ, ಜಿಎಂ1536, ಜಿಎಂ2301, ಐಪಿಎಎಚ್‌ಎಂ103 ಮಾರ್ಕರುಗಳಿಂದ ಹಿಡಿಯಬಹುದು. ಎಲೆಚುಕ್ಕೆ ರೋಗವನ್ನೂ ತಡೆಯಬೇಕಾದರೆ ಅದೇ ಜಾಗದ ಜೊತೆ ಎ02ರ ಮೇಲಿನ ಇನ್ನೊಂದೂ ಬೇಕು. ಈ ದಾರಿಯಲ್ಲಿ ಜೆಎಲ್ 24, ಟಿಎಜಿ 24, ಐಸಿಜಿವಿ 91114 ತಳಿಗಳಿಗೆ ತುಕ್ಕು ತಡೆಯುವ ಗುಣ ಸೇರಿಸಿದ್ದು 2014ರಲ್ಲೇ ಪ್ರಕಟವಾಗಿದೆ.

ನೇರ ಕೂಡಿಸಿದರೆ ಎರಡನೇ ಪೀಳಿಗೆಯಲ್ಲಿ ಓಲಿಕ್ ಎರಡೂ ಜೋಡಿ ಸಿಗುವುದು 16ಕ್ಕೆ ಒಂದು, ತುಕ್ಕಿನದೂ ಜೋಡಿ ಬೇಕೆಂದರೆ 64ಕ್ಕೆ ಒಂದು, ಎ02 ಸೇರಿದರೆ 256ಕ್ಕೆ ಒಂದು. ಒಂದಾದರೂ ಸಿಕ್ಕೇ ಸಿಗಬೇಕು ಅಂತ ಶೇ 95ರ ಭರವಸೆ ಬೇಕಿದ್ದರೆ 64ರ ಲೆಕ್ಕಕ್ಕೆ 191 ಗಿಡ, 256ಕ್ಕೆ 766 ಗಿಡ ಟೆಸ್ಟ್ ಮಾಡಬೇಕು. ಅಷ್ಟೂ ಗಿಡಕ್ಕೆ ನಾಲ್ಕೂ ಮಾರ್ಕರ್ ಓಡಿಸುವ ಹುಚ್ಚು ಬೇಡ. ಮೊದಲು ಓಲಿಕ್ ಎರಡು ಕ್ಯಾಸ್ಪ್ ಓಡಿಸಿ, ಉಳಿದ ಸುಮಾರು 48 ಗಿಡಕ್ಕೆ ಮಾತ್ರ ತುಕ್ಕು, ಎಲೆಚುಕ್ಕೆ ನೋಡಿದರೆ ಖರ್ಚು ನೆಲಕ್ಕಿಳಿಯುತ್ತದೆ. ಕೂಡಿಸುವ ಮೊದಲು ಎರಡೂ ತಾಯಿತಂದೆಗೆ ಓಲಿಕ್ ಮಾರ್ಕರ್ ನೋಡಿಬಿಡಿ. ಎ ಬದಲಾವಣೆ ಎಷ್ಟೋ ವರ್ಜೀನಿಯಾ ಮಾದರಿ ಶೇಂಗಾದಲ್ಲಿ ಮೊದಲೇ ಇರುತ್ತದೆ. ಎರಡೂ ಕಡೆ ಇದ್ದರೆ 16 ಹೋಗಿ 4ಕ್ಕೆ ಒಂದು ಸಿಗುತ್ತದೆ.

ಹೂವಿನ ಕೆಲಸ ಸಂಜೆ ಮತ್ತು ಬೆಳಿಗ್ಗೆ. ನಾಳೆ ಅರಳುವ ಮೊಗ್ಗಿನ ಪರಾಗಕೋಶಗಳನ್ನು ಇವತ್ತು ಸಂಜೆಯೇ ಚಿಮಟದಿಂದ ತೆಗೆದು, ಬೆಳಿಗ್ಗೆ ಬಿಸಿಲೇರುವ ಮೊದಲು ಪರಾಗ ಸವರಬೇಕು. ಅದೇ ಗಿಡದ ಉಳಿದ ಹೂವನ್ನು ದಿನಾಲೂ ಕೀಳದಿದ್ದರೆ ತನ್ನಷ್ಟಕ್ಕೇ ಕಟ್ಟಿದ ಕಾಯಿ ಸೇರಿಕೊಳ್ಳುತ್ತವೆ. ಮಣ್ಣಿಗೆ ಸೂಜಿ (ಹೂವಿನಿಂದ ಇಳಿದು ಕಾಯಿ ಕಟ್ಟುವ ಕಡ್ಡಿ) ಇಳಿಯುವ ಮುನ್ನ ಅದರ ಬುಡಕ್ಕೆ ಬಣ್ಣದ ದಾರ ಕಟ್ಟಿ. ಹೈ ಓಲಿಕ್ ಗಿಡವನ್ನೇ ತಾಯಿ ಮಾಡಿಕೊಂಡರೆ ಒಂದು ಲಾಭ ಇದೆ: ಆ ಕಾಳಿನ ಚೂರಿನಲ್ಲಿ ಓಲಿಕ್ 80ರಿಂದ ಇಳಿದಿದ್ದರೆ ಕೂಡಿದೆ ಅಂತ ಅರ್ಥ, 80ರಲ್ಲೇ ಇದ್ದರೆ ಸ್ವಂತ ಪರಾಗದ್ದು. ಬಿತ್ತುವ ಮೊದಲೇ ಆರಿಸಿ ಎಸೆಯಬಹುದು.